ಔಟಾದ ಮಗು ಎಲ್ಲಿ ಕೂರಬೇಕು?

ವಿಯೆನ್ನಾದ ಕಲಾ ಸಂಗ್ರಹಾಲಯದಲ್ಲಿ ಪೀಟರ್ ಬ್ರೂಗಲ್ 1560ರಲ್ಲಿ ಬರೆದ ಮಕ್ಕಳಾಟದ ಚಿತ್ರವೊಂದಿದೆ. ಪಟ್ಟಣದ ಬಯಲಿನ ತುಂಬ ಇನ್ನೂರಕ್ಕೂ ಹೆಚ್ಚು ಮಕ್ಕಳು. ಕೆಲವರು ಪೀಪಾಯಿಯ ಪಟ್ಟಿ ಉರುಳಿಸುತ್ತಿದ್ದಾರೆ, ಕೆಲವರು ಮರಗಾಲು ಕಟ್ಟಿ ನಡೆಯುತ್ತಿದ್ದಾರೆ, ಬಗ್ಗಿ ನಿಂತವರ ಬೆನ್ನ ಮೇಲಿಂದ ಹಾರುವವರೂ ಇದ್ದಾರೆ. ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡು ಹಿಡಿಯುವ ಆಟ ನಡೆದಿದೆ. ಇದರಲ್ಲಿ ಸುಮಾರು 80 ಆಟಗಳನ್ನು ಗುರುತಿಸಿದ್ದಾರೆ. ಸೀಟಿ ಊದುವ ಮೇಷ್ಟರಾಗಲಿ, ಬಹುಮಾನ ಜೋಡಿಸಿಟ್ಟ ಮೇಜಾಗಲಿ ಅಲ್ಲಿ ಕಾಣುವುದಿಲ್ಲ.

ಇಂದು ಹುಟ್ಟುಹಬ್ಬದ ಮನೆಯಲ್ಲಿ ಆರೇಳು ವರ್ಷದ ಮಕ್ಕಳಿಗೆ ಆಡಿಸುವ ಆಟಗಳಲ್ಲಿ ಹಲವು ಈ ಬಯಲಿನಿಂದ ನೇರವಾಗಿ ಬಂದವಲ್ಲ. ದೊಡ್ಡವರ ದಿವಾನಖಾನೆಯ ಮೂಲಕ ಬಂದವು. 1664ರ ಕ್ರಿಸ್ಮಸ್ಸಿನ ಮರುದಿನ ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಮಲಗಲು ಹೋದ ಮೇಲೂ ಅವನ ಹೆಂಡತಿ ಮತ್ತು ಮನೆಮಂದಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಡಿಯುವ ಆಟದಲ್ಲಿ ಮುಳುಗಿದ್ದರು. ಅವರು ಮಲಗಿದ್ದು ಬೆಳಗಿನ ಜಾವ ನಾಲ್ಕಕ್ಕೆ ಎಂದು ಅವನ ದಿನಚರಿ ಹೇಳುತ್ತದೆ. ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್ಮಸ್ ಕ್ಯಾರೊಲ್’ನಲ್ಲೂ ಅದೇ ಆಟವನ್ನು ಆಡುವವರು ಬೆಳೆದ ಗಂಡಸರು, ಹೆಂಗಸರು. ಇನ್ನೊಂದು ಆಟವಂತೂ ಇಂದಿನ ತಾಯಂದಿರ ಎದೆ ನಡುಗಿಸೀತು: ಅಗಲವಾದ ಬಟ್ಟಲಿನಲ್ಲಿ ಬ್ರಾಂಡಿ ಸುರಿದು, ಒಣದ್ರಾಕ್ಷಿ ಹಾಕಿ, ಬೆಂಕಿ ಹಚ್ಚಿ, ದೀಪವೆಲ್ಲ ಆರಿಸಿ, ನೀಲಿ ಜ್ವಾಲೆಯೊಳಗೆ ಕೈ ಹಾಕಿ ದ್ರಾಕ್ಷಿ ಕಿತ್ತು ತಿನ್ನುವುದು. ‘ಸ್ನ್ಯಾಪ್‌ಡ್ರ್ಯಾಗನ್’ ಎಂಬ ಈ ಆಟಕ್ಕೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದರು.

ಮಕ್ಕಳ ಆಟವನ್ನು ಮೊದಲೇ ಯೋಚಿಸಿ, ವಯಸ್ಸಿಗೆ ಹೊಂದಿಸಿ ಸಿದ್ಧಪಡಿಸುವ ಅಭ್ಯಾಸ 19ನೆಯ ಶತಮಾನದಲ್ಲಿ ಬಲಿಯಿತು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್‌ನಲ್ಲಿ ಆರಂಭಿಸಿದ ಶಿಶುಶಿಕ್ಷಣದಲ್ಲಿ ಹಾಡುತ್ತ ವೃತ್ತದಲ್ಲಿ ಆಡುವುದೇ ಪಾಠವಾಯಿತು. ಅದರ ಬೀಜ ಅಮೆರಿಕಕ್ಕೂ ಹಾರಿತು. ಹುಟ್ಟುಹಬ್ಬದ ಹಾಡಿನ ಧಾಟಿ ಮೊದಲು ಅಚ್ಚಾದದ್ದು ಕೆಂಟಕಿಯ ಪ್ಯಾಟಿ ಮತ್ತು ಮಿಲ್ಡ್ರೆಡ್ ಹಿಲ್ ಸೋದರಿಯರು 1893ರಲ್ಲಿ ಶಿಶುವಿಹಾರಗಳಿಗೆಂದೇ ತಂದ ಪುಸ್ತಕದಲ್ಲಿ. ಆಗ ಅದು ಬೆಳಗಿನ ನಮಸ್ಕಾರದ ಹಾಡು. ಇದಕ್ಕೆ ಸ್ವಲ್ಪ ಮೊದಲು, 1880ರ ದಶಕದಲ್ಲಿ, ಕಣ್ಣು ಕಟ್ಟಿಕೊಂಡು ಕತ್ತೆಯ ಚಿತ್ರಕ್ಕೆ ಬಾಲ ಚುಚ್ಚುವ ಆಟ ಅಮೆರಿಕದ ಮನೆಗಳಲ್ಲಿ ಹಬ್ಬಿತು. ಆಟ ಅಂಗಡಿಯ ಸರಕಾಯಿತು.

ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ನೋಡಿಕೊಳ್ಳುತ್ತಿದ್ದ ಜೆಸ್ಸಿ ಬ್ಯಾಂಕ್ರಾಫ್ಟ್ 1909ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕ ಯಾವ ತರಗತಿಗೆ ಯಾವ ಆಟ, ಮನೆಯ ಕೂಟಕ್ಕೆ ಯಾವುದು ಎಂದು ವಿಂಗಡಿಸಿ ಕೊಟ್ಟಿತು. ಜೆರುಸಲೇಮ್ ಯಾತ್ರೆಯ ಹೆಸರಿನ ಒಂದು ಆಟ ಅದರಲ್ಲಿದೆ. ನಾವು ಮ್ಯೂಸಿಕಲ್ ಚೇರ್ ಎನ್ನುವುದು ಅದನ್ನೇ.

ಈ ಆಟಕ್ಕೆ ಕರ್ನಾಟಕದಲ್ಲಿ ಸಿಕ್ಕ ಮರ್ಯಾದೆ ದೊಡ್ಡದು. ಶಾಲಾ ವಾರ್ಷಿಕೋತ್ಸವ, ಗಣೇಶೋತ್ಸವ, ರಾಜ್ಯೋತ್ಸವ, ದೂರದ ಅಮೆರಿಕದ ಕನ್ನಡ ಕೂಟ, ಎಲ್ಲಿಯೂ ಕುರ್ಚಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ, ಸಿನಿಮಾ ಹಾಡು ಮೊಳಗುತ್ತದೆ. ಇಂಗ್ಲೆಂಡಿನಲ್ಲಿ ಚಮಚದಲ್ಲಿ ಮೊಟ್ಟೆ ಇಟ್ಟುಕೊಂಡು ಓಡುತ್ತಿದ್ದರೆ ನಮ್ಮಲ್ಲಿ ಆ ಜಾಗಕ್ಕೆ ನಿಂಬೆಹಣ್ಣು ಬಂತು. ಚಮಚದ ಹಿಡಿ ಕೈಯಿಂದ ಬಾಯಿಗೆ ಹೋಯಿತು. ಎರವಲು ಆಟವನ್ನು ಸ್ವಂತ ಮಾಡಿಕೊಳ್ಳುವ ಜಾಣತನವಿದು.

ಆದರೆ ಕುರ್ಚಿ ಆಟದಲ್ಲೊಂದು ದೋಷವಿದೆ. ಹದಿನೈದು ಮಕ್ಕಳಲ್ಲಿ ಮೊದಲು ಔಟಾಗುವುದು ಹೆಚ್ಚಾಗಿ ತೀರ ಚಿಕ್ಕದು, ಇಲ್ಲವೇ ನಾಚಿಕೆಯದು. ಎಲ್ಲರಿಗಿಂತ ಹೆಚ್ಚು ಆಡಬೇಕಾದ ಆ ಮಗು ಎಲ್ಲರಿಗಿಂತ ಹೆಚ್ಚು ಹೊತ್ತು ಗೋಡೆಗೆ ಒರಗಿ ನಿಲ್ಲುತ್ತದೆ. ಮಕ್ಕಳು ತಾವಾಗಿ ಕಟ್ಟಿಕೊಂಡ ಅನೇಕ ಆಟಗಳು ಹೀಗಿಲ್ಲ. ಮರಕೋತಿಯಲ್ಲಿ ಸಿಕ್ಕಿಬಿದ್ದವನು ಕಳ್ಳನಾಗುತ್ತಾನೆ, ಹಳೆಯ ಕಳ್ಳ ಕೊಂಬೆ ಏರುತ್ತಾನೆ. ಸೋತವನಿಗೆ ಕೆಲಸ ಇನ್ನೂ ಜಾಸ್ತಿ. ಬ್ರಿಟನ್ನಿನ ಅಯೋನಾ ಮತ್ತು ಪೀಟರ್ ಓಪಿ ದಂಪತಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಂದ ಮಾಹಿತಿ ಪಡೆದು 1969ರಲ್ಲಿ ಬೀದಿಯಾಟಗಳ ಪುಸ್ತಕ ತಂದರು. ದೊಡ್ಡವರು ಆಡಿಸುವ ಪಾರ್ಟಿ ಆಟಗಳನ್ನು ಅದರಿಂದ ಹೊರಗಿಟ್ಟರು. ತಮ್ಮಷ್ಟಕ್ಕೆ ಆಡುವ ಮಕ್ಕಳಿಗೆ ಅಂಪೈರೂ ಬಹುಮಾನವೂ ಅಷ್ಟಾಗಿ ಬೇಕಿಲ್ಲ ಎಂಬುದು ಅವರು ಕಂಡುಕೊಂಡ ಸಂಗತಿ.

ದೋಷ ತಿದ್ದುವ ಕೆಲಸ 1970ರ ದಶಕದಲ್ಲಿ ನಡೆಯಿತು. ಒಟ್ಟುಗೂಡಿ ಆಡುವ ಆಟಗಳ ಬಗ್ಗೆ ಕೆನಡಾದ ಟೆರ್ರಿ ಆರ್ಲಿಕ್ 1978ರಲ್ಲಿ ಬರೆದ ಪುಸ್ತಕದಲ್ಲಿ ಹಾಡು ನಿಂತಾಗ ಕುರ್ಚಿ ಹೋಗುತ್ತದೆ, ಮಗು ಹೋಗುವುದಿಲ್ಲ. ಉಳಿದ ಕುರ್ಚಿಗಳಲ್ಲೇ ಎಲ್ಲರೂ ಒತ್ತಿಕೊಂಡು, ಒಬ್ಬರ ತೊಡೆಯ ಮೇಲೊಬ್ಬರು ಕೂತು ಹೊಂದಿಕೊಳ್ಳಬೇಕು. ಯಾರೂ ಸೋಲದಂತೆ ಆಡಿಸುವುದನ್ನು ಎಲ್ಲರೂ ಒಪ್ಪಿಲ್ಲ. ಕೈಯಿಂದ ಕೈಗೆ ಪೊಟ್ಟಣ ದಾಟಿಸುತ್ತ, ಹಾಡು ನಿಂತಾಗಲೆಲ್ಲ ಅದರ ಒಂದು ಪದರ ಬಿಚ್ಚುವ ಆಟದಲ್ಲಿ ಈಗ ಯಾರೂ ಬರಿಗೈಯಾಗದಿರಲೆಂದು ಪದರ ಪದರಕ್ಕೂ ಉಡುಗೊರೆ ಇಡುವುದುಂಟು. ಆಸ್ಟ್ರೇಲಿಯಾದ ಕಾರ್ಟೂನು ‘ಬ್ಲೂಯಿ’ಯ ಒಂದು ಕಂತಿನಲ್ಲಿ ಒಬ್ಬ ಅಪ್ಪ ನಟ್ಟನಡುವೆ ಒಂದೇ ಉಡುಗೊರೆ ಇಡುವ ಹಳೆಯ ಪದ್ಧತಿಗೆ ಮರಳುತ್ತಾನೆ. ಮಕ್ಕಳು ಮೊದಲು ಅಳುತ್ತಾರೆ, ಆಮೇಲೆ ಸೋಲಿಗೆ ಒಗ್ಗಿಕೊಳ್ಳುತ್ತಾರೆ. ಮಕ್ಕಳು ಸೋಲನ್ನೂ ಕಲಿಯಲಿ ಎಂಬ ಆ ವಾದದಲ್ಲೂ ತಿರುಳಿದೆ. ಬಹುಮಾನ ತಪ್ಪಿದ್ದನ್ನು ಮಗು ತಾಳಿಕೊಳ್ಳಬಲ್ಲದು. ಅರ್ಧ ಗಂಟೆ ಸುಮ್ಮನೆ ನಿಲ್ಲುವುದನ್ನು ತಾಳಿಕೊಳ್ಳುವುದು ಅದಕ್ಕೆ ಕಷ್ಟ. ಮುಂದಿನ ಹುಟ್ಟುಹಬ್ಬಕ್ಕೆ ಕುರ್ಚಿ ಜೋಡಿಸುವವರು ಮೊದಲು ಔಟಾದ ಮಗುವಿನ ಕೈಗೆ ಹಾಡು ನಿಲ್ಲಿಸುವ ಕೆಲಸವನ್ನಾದರೂ ಕೊಡಲಿ.