ಪಾರ್ಟಿಷನ್: ಗೋಡೆಯೋ, ಕವಲೋ?

ಇಂಗ್ಲಿಷಿನಿಂದ ಬಂದು ನಮ್ಮ ಕರಾವಳಿಯ ಮನೆಗಳಲ್ಲಿ ಬಿಡಾರ ಹೂಡಿದ ಶಬ್ದಗಳು ಹಲವು. ಕೋರ್ಟು, ಡಿಕ್ರಿ, ಅಪೀಲು, ರಿಜಿಸ್ಟ್ರಿ ಇವುಗಳ ಸಾಲಿನಲ್ಲಿಯೇ ನಿಲ್ಲತಕ್ಕ ಇನ್ನೊಂದು ಶಬ್ದ ‘ಪಾರ್ಟಿಷನ್’. ಸಾಸ್ತಾನ, ಕೋಟ, ಬ್ರಹ್ಮಾವರ, ಕುಂದಾಪುರಗಳ ಕಡೆ ಇಂಗ್ಲಿಷಿನ ಗಂಧವಿಲ್ಲದ ಹಿರಿಯರೂ ಇದನ್ನು ಸಲೀಸಾಗಿ ಆಡುತ್ತಾರೆ. ಒಂದು ಮನೆಯ ವಿಚಾರ ಬಂದಿತೆಂದರೆ, ಅಲ್ಲಿ ಪಾರ್ಟಿಷನ್ ಆಗಿದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಸಂಬಂಧ ಬೆಳೆಸುವವರಿಗೂ, ಜಾಗ ಕೊಳ್ಳುವವರಿಗೂ, ಸಾಲ ಕೊಡುವ ಬ್ಯಾಂಕಿಗೂ ಅದರ ಉತ್ತರ ಬೇಕು. ಇಷ್ಟು ಬಳಕೆಯ ಶಬ್ದಕ್ಕೆ ಒಂದು ಚರಿತ್ರೆಯಿದೆ. ಅದು ನಮ್ಮ ಹೆಣ್ಣುಮಕ್ಕಳ ಹಕ್ಕಿನ ಚರಿತ್ರೆಯೂ ಹೌದು.

ಮೊದಲು ಶಬ್ದದ ಅರ್ಥವನ್ನು ನೋಡೋಣ. ಪಾರ್ಟಿಷನ್ ಎಂಬುದರ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ‘ಭಾಗ’ ಎಂಬರ್ಥದ ಶಬ್ದದಿಂದ ಹುಟ್ಟಿ ‘ಭಾಗಮಾಡುವಿಕೆ’ ಎಂಬ ಅರ್ಥವನ್ನು ಪಡೆಯಿತು. ಇಂಗ್ಲಿಷಿನಲ್ಲಿ ಅದು ಎರಡು ದಾರಿ ಹಿಡಿಯಿತು. ಆಸ್ತಿಯನ್ನು ಪಾಲುಮಾಡುವುದೂ ಪಾರ್ಟಿಷನ್. ಒಂದು ಕೋಣೆಯನ್ನು ಎರಡಾಗಿಸಲು ನಡುವೆ ಎಬ್ಬಿಸುವ ಅಡ್ಡಗೋಡೆಯೂ ಪಾರ್ಟಿಷನ್. ಮರದ ಹಲಗೆಯ ತಡಿಕೆಯನ್ನು ನಮ್ಮ ಬಡಗಿಗಳು ಇಂದಿಗೂ ಇದೇ ಹೆಸರಿನಿಂದ ಕರೆಯುತ್ತಾರೆ. ಒಂದೇ ಶಬ್ದ ವಕೀಲನ ಬಾಯಲ್ಲೂ ಬಡಗಿಯ ಬಾಯಲ್ಲೂ ಇರುವುದು ಆಕಸ್ಮಿಕವಲ್ಲ. ಒಂದು ಕಾಗದದ ಗೋಡೆ, ಇನ್ನೊಂದು ಹಲಗೆಯ ಗೋಡೆ, ಅಷ್ಟೇ ಭೇದ.

ಕನ್ನಡಕ್ಕೆ ಈ ವಿಷಯದಲ್ಲಿ ಶಬ್ದದಾರಿದ್ರ್ಯವೇನೂ ಇರಲಿಲ್ಲ. ಹಳಗನ್ನಡದಲ್ಲಿ ‘ಪಚ್ಚು’ ಎಂದರೆ ಹಂಚು, ‘ಪಸುಗೆ’ ಎಂದರೆ ವಿಭಾಗ. ‘ಪಾಲ್’ ನಮ್ಮ ‘ಪಾಲು’ ಆಯಿತು. ಅರಬ್ಬಿಯಿಂದ ‘ಹಿಸ್ಸೆ’ ಬಂದಿತು. ಸಂಸ್ಕೃತದಿಂದ ‘ಭಾಗ’, ‘ವಿಭಾಗ’, ‘ವಿಭಜನೆ’ಗಳು ಬಂದವು. ವಿಭಾಗವೆಂದರೇನೆಂದು ಶಾಸ್ತ್ರೋಕ್ತವಾಗಿ ವಿವರಿಸಿದ ವಿಜ್ಞಾನೇಶ್ವರನು ಕನ್ನಡ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ‘ಮಿತಾಕ್ಷರಾ’ವನ್ನು ಬರೆದವನು. ಅವನ ವಿವರಣೆಯ ತಾತ್ಪರ್ಯವಿಷ್ಟು: ಅವಿಭಕ್ತ ಕುಟುಂಬದಲ್ಲಿ ಎಲ್ಲರಿಗೂ ಎಲ್ಲದರ ಮೇಲೂ ಹಕ್ಕು ಇದ್ದೇ ಇದೆ, ಆ ಹಕ್ಕನ್ನು ಒಬ್ಬೊಬ್ಬನಿಗೆ ಒಂದೊಂದು ಅಂಶದಲ್ಲಿ ನೆಲೆಗೊಳಿಸುವುದೇ ವಿಭಾಗ. ಹೊಸತಾಗಿ ಹಕ್ಕು ಹುಟ್ಟುವುದಿಲ್ಲ, ಇದ್ದ ಹಕ್ಕಿಗೆ ಗಡಿ ಬೀಳುತ್ತದೆ. ಇನ್ನು ‘ದಾಯಾದ’ ಎಂದರೆ ದಾಯವನ್ನು, ಎಂದರೆ ಪಿತ್ರಾರ್ಜಿತದ ಪಾಲನ್ನು, ಪಡೆಯುವವನು. ಅದೇ ಶಬ್ದ ‘ದಾಯಾದಿ’ಯಾಗಿ ಹಗೆತನದ ಅರ್ಥವನ್ನು ಹೊತ್ತುಕೊಂಡಿತು. ಪಾಲಿಗೆ ಹಕ್ಕುಳ್ಳವನೇ ವೈರಿಯಾದ ಬಗೆಯನ್ನು ಈ ಒಂದು ಶಬ್ದವೇ ಹೇಳುತ್ತದೆ.

ಇಷ್ಟೆಲ್ಲ ಇದ್ದೂ ಇಂಗ್ಲಿಷಿನ ಶಬ್ದವೇ ನಮ್ಮಲ್ಲಿ ಬೇರೂರಿತೇಕೆ? ಇದಕ್ಕೆ ಉತ್ತರ ನಮ್ಮ ಸೀಮೆಯ ಕುಟುಂಬಪದ್ಧತಿಯಲ್ಲಿದೆ. ಸಾಸ್ತಾನದಂತಹ ಊರಿನಲ್ಲಿ ಒಂದೇ ಬಯಲಿನ ಆಚೆ ಈಚೆ ಎರಡು ‘ಕಟ್ಟು’ಗಳು ನಡೆದುಬಂದಿದ್ದವು. ಬ್ರಾಹ್ಮಣರೇ ಮೊದಲಾದವರದು ಮಕ್ಕಳಕಟ್ಟು, ತಂದೆಯಿಂದ ಮಕ್ಕಳಿಗೆ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರದು ಅಳಿಯಕಟ್ಟು. ತಾಯಿಯ ಬಳಿಯಿಂದ ಆಸ್ತಿ, ಸೋದರಮಾವನಿಂದ ಅಳಿಯನಿಗೆ ಯಜಮಾನಿಕೆ. ಇಲ್ಲಿ ಅಳಿಯನೆಂದರೆ ಮಗಳ ಗಂಡನಲ್ಲ, ಸೋದರಿಯ ಮಗ. ಇದರ ಹುಟ್ಟಿನ ಐತಿಹ್ಯವನ್ನು ಜನ ಸಮೀಪದ ಬಾರಕೂರಿಗೇ ಜೋಡಿಸಿದ್ದಾರೆ. ದೈವವು ಬಲಿ ಬೇಡಿದಾಗ ರಾಣಿ ತನ್ನ ಮಗನನ್ನು ಕೊಡಲೊಪ್ಪಲಿಲ್ಲ. ಅರಸನ ತಂಗಿ ತನ್ನ ಮಗನನ್ನು ಒಪ್ಪಿಸಿದಳು. ದೈವ ಮೆಚ್ಚಿ ಅವನನ್ನುಳಿಸಿತು. ಅವನೇ ಭೂತಾಳಪಾಂಡ್ಯನಾದನು ಎಂಬ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಇದು ಐತಿಹ್ಯ, ಇತಿಹಾಸವಲ್ಲ. ಆದರೆ ಜನ ತಮ್ಮ ಕಟ್ಟಿನ ಬುಡದಲ್ಲಿ ಒಬ್ಬ ತಾಯಿಯ ತ್ಯಾಗವನ್ನು ಇರಿಸಿದರೆಂಬುದು ಗಮನಾರ್ಹ.

ಈಗ ಈ ಎರಡು ಕಟ್ಟುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಮಕ್ಕಳಕಟ್ಟಿನ ಮನೆಯಲ್ಲಿ ಗಂಡುಮಕ್ಕಳು ಪಾಲು ಕೇಳಬಹುದಿತ್ತು. ಹೆಣ್ಣುಮಕ್ಕಳು ಆ ಲೆಕ್ಕದಲ್ಲಿಯೇ ಇರಲಿಲ್ಲ. ಅಳಿಯಕಟ್ಟಿನ ಮನೆಯಲ್ಲಿ ಹೆಣ್ಣೇ ಕುಟುಂಬದ ಬೇರು. ಆದರೆ ಪಾಲು ಎಂಬ ಮಾತನ್ನೇ ಎತ್ತುವಂತಿರಲಿಲ್ಲ. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬ ಸದಸ್ಯ ಕೇಳಿದನೆಂದು ಬಲವಂತದ ವಿಭಾಗ ಮಾಡಲಾಗದೆಂದು 1860ರ ದಶಕದಲ್ಲಿಯೇ ಮದರಾಸು ಹೈಕೋರ್ಟು ತೀರ್ಮಾನಿಸಿತು. ಎಲ್ಲರೂ ಒಪ್ಪಿದರೆ ವಿಭಾಗ; ಇಲ್ಲವಾದರೆ ಯಜಮಾನನ ಕೈಯಿಂದ ಜೀವನಾಂಶ. ಅನುಕೂಲಕ್ಕೆಂದು ಬೇರೆ ಬೇರೆ ಮನೆಗಳಲ್ಲಿದ್ದು ಬೇರೆ ಬೇರೆ ಗದ್ದೆಗಳನ್ನು ಅನುಭವಿಸುತ್ತಿದ್ದವರೂ ಕಾನೂನಿನ ಕಣ್ಣಿಗೆ ಒಂದೇ ಕುಟುಂಬ. ನೊಂದವರು ಇಬ್ಬರು: ಯಜಮಾನನ ಮರ್ಜಿಗೆ ಕಾದ ಕಿರಿಯರು ಒಂದೆಡೆ, ಸತ್ತ ತಂದೆಯ ಮನೆಯಲ್ಲಿ ನಿಲ್ಲಲು ನೆಲೆಯಿಲ್ಲದ ಹೆಂಡತಿಮಕ್ಕಳು ಇನ್ನೊಂದೆಡೆ. ಅನುಭವವಿದ್ದೂ ಹಕ್ಕಿಲ್ಲದಿದ್ದ ಕಾರಣ, ಹಕ್ಕನ್ನು ಹೆಸರಿಸುವ ಶಬ್ದ ನ್ಯಾಯಾಲಯದಿಂದಲೇ ಬರಬೇಕಾಯಿತು. ಅಳಿಯಕಟ್ಟಿನ ಮನೆಯಲ್ಲಿ ‘ಪಾರ್ಟಿಷನ್’ ಒಂದು ಅನುವಾದವಾಗಿರಲಿಲ್ಲ, ಹೊಸ ಸಾಧ್ಯತೆಯ ಹೆಸರಾಗಿತ್ತು.

ಮಲಬಾರಿನ ಮರುಮಕ್ಕತ್ತಾಯಕ್ಕೆ 1933ರಲ್ಲಿ ಕಾನೂನಾಯಿತು. ನಮ್ಮವರು ಇನ್ನೂ ಹದಿನಾರು ವರ್ಷ ಕಾಯಬೇಕಾಯಿತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಮೊದಲ ಬಾರಿಗೆ ವಿಭಾಗದ ಹಕ್ಕನ್ನು ಕೊಟ್ಟಿತು. ಕೊಟ್ಟದ್ದು ಒಬ್ಬೊಬ್ಬ ವ್ಯಕ್ತಿಗಲ್ಲ, ‘ಕವರು’ವಿಗೆ. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಬಳಿಯಲ್ಲಿ ಹುಟ್ಟಿದ ಅವಳ ಸಂತತಿ. ಕವರುವಿನ ಪ್ರಾಯಸ್ಥರಲ್ಲಿ ಬಹುಮತದವರು ಕೇಳಿದರೆ ಪಾಲು ಕೊಡಲೇಬೇಕು. ಭಾಷೆಯ ವಿದ್ಯಾರ್ಥಿಗಳಿಗೆ ಇಲ್ಲೊಂದು ಸೋಜಿಗವಿದೆ. ‘ಕವರು’, ‘ಕವಲು’ ಎರಡೂ ಒಂದೇ ಮೂಲದವು. ಮರದ ಕೊಂಬೆ ಒಡೆದು ಎರಡಾಗುವ ಎಡೆ ಎಂಬುದೇ ಅರ್ಥ. ಇಂಗ್ಲಿಷಿನ ಪಾರ್ಟಿಷನ್ ನಮ್ಮ ಮನೆಯೊಳಗೆ ಬಂದಿತು. ನಮ್ಮ ಕವರು ಇಂಗ್ಲಿಷಿನ ಕಾಯಿದೆಯೊಳಗೆ ಹೋಯಿತು. ಒಂದು ಶಬ್ದ ಗೋಡೆಯನ್ನು ನೆನೆಸುತ್ತದೆ, ಇನ್ನೊಂದು ಮರವನ್ನು.

ಅದೇ ಕಾಯಿದೆಯಲ್ಲಿ ಅರ್ಥವಿಚಾರದ ಇನ್ನೊಂದು ಪಾಠವಿದೆ. ಹಿಂದೆ ರಿಜಿಸ್ಟರಾದ ಕುಟುಂಬ ಏರ್ಪಾಟಿನ ಪತ್ರಗಳು ಎಷ್ಟೋ ಇದ್ದವು. ಅವು ವಿಭಾಗಪತ್ರಗಳೋ, ಬರಿಯ ಜೀವನಾಂಶದ ವ್ಯವಸ್ಥೆಯೋ? ಪತ್ರದ ತಲೆಬರಹ ಏನೇ ಇರಲಿ, ಕುಟುಂಬದ ಆಸ್ತಿಯನ್ನೆಲ್ಲ ಶಾಶ್ವತವಾಗಿ, ಪ್ರತ್ಯೇಕವಾಗಿ ಅನುಭವಿಸಲೆಂದು ಹಂಚಿದ್ದರೆ ಅದು ವಿಭಾಗವೇ ಎಂದು ಕಾಯಿದೆ ಹೇಳಿತು. ಪತ್ರದಲ್ಲಿ ಬರೆದ ಒಂದೊಂದು ಕನ್ನಡ ಶಬ್ದಕ್ಕೆ ಆಗ ಎಕರೆಗಟ್ಟಲೆ ಗದ್ದೆಯ ಬೆಲೆ ಬಂದಿತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇನ್ನೂ ಮುಂದೆ ಹೋಯಿತು. ಅಳಿಯಸಂತಾನದ ಅವಿಭಕ್ತ ಕುಟುಂಬದ ಸದಸ್ಯನೊಬ್ಬ ತೀರಿಕೊಂಡರೆ, ಅವನು ಸಾಯುವ ಮುನ್ನ ತಲೆಗೊಂದರಂತೆ ಪಾಲಾಗಿತ್ತೆಂದು ಭಾವಿಸಿಕೊಂಡು, ಆ ಪಾಲನ್ನು ಅವನ ವಾರಸುದಾರರಿಗೆ ಕೊಡಬೇಕು. ಆಗದೆ ಇದ್ದ ಪಾರ್ಟಿಷನ್ನನ್ನು ಆಯಿತೆಂದು ತಿಳಿಯುವುದು! ಇದರಿಂದ ತಂದೆಯ ಪಾಲು ಅವನ ಹೆಂಡತಿಗೆ, ತಾಯಿಗೆ, ಮಕ್ಕಳಿಗೆ ಸೇರಿತು. ಯಾರೂ ಗೋಡೆ ಕಟ್ಟದೆಯೇ ಅಳಿಯಕಟ್ಟು ಸಾವಿನಿಂದ ಸಾವಿಗೆ ಸಡಿಲವಾಗುತ್ತ ಬಂದಿತು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿದಾಗ ಮತ್ತೊಂದು ತೊಡಕು ಹುಟ್ಟಿತು. ಡಿಕ್ಲರೇಷನ್ ಹಾಕಿದವನು ಮನೆಯ ಒಬ್ಬ. ಬಂದ ಭೂಮಿ ಅವನೊಬ್ಬನದೋ, ಇಡೀ ಕುಟುಂಬದ್ದೋ? ಮಕ್ಕಳಕಟ್ಟಿನ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲೆಂದು ಕರ್ನಾಟಕ 1994ರಲ್ಲಿ ಹೇಳಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಹೀಗೆ, ಒಂದು ಕಟ್ಟಿನಲ್ಲಿ ಲೆಕ್ಕಕ್ಕಿಲ್ಲದಿದ್ದ ಮಗಳೂ ಇನ್ನೊಂದರಲ್ಲಿ ಪಾಲು ಕೇಳಲಾಗದಿದ್ದ ಮಗಳೂ ಕೊನೆಗೆ ಒಂದೇ ಶಬ್ದದ ಆಸರೆಗೆ ಬಂದರು.

ಮನೆಯ ಮಾತು ಇಷ್ಟಾಯಿತು. ನಾಡಿಗೂ ಇದೇ ಶಬ್ದ ತಗಲಿತು. 1905ರ ಬಂಗಾಳದ ಪಾರ್ಟಿಷನ್ನನ್ನು ಕನ್ನಡಿಗರು ‘ವಂಗಭಂಗ’ವೆಂದರು; ಭಂಗವೆಂದರೆ ಮುರಿತ. 1947ರದನ್ನು ‘ವಿಭಜನೆ’ಯೆಂದರು. ‘ಪಾಲು’ ಎಂಬ ಮನೆಮಾತನ್ನು ಅದಕ್ಕೆ ಬಳಸಲು ಮನಸ್ಸು ಬರಲಿಲ್ಲವೆಂದು ತೋರುತ್ತದೆ. ಪಾಲಾದ ಅಣ್ಣತಮ್ಮಂದಿರು ಮರುದಿನ ಒಂದೇ ಬಾವಿಯ ನೀರನ್ನು ಸೇದಬಹುದು. 1947ರಲ್ಲಿ ಅದು ಸಾಧ್ಯವಿರಲಿಲ್ಲ. ನಮ್ಮ ಕನ್ನಡ ಜಿಲ್ಲೆಯೂ ಒಡೆದದ್ದುಂಟು. 1859-60ರಲ್ಲಿ ಅದು ಉತ್ತರ, ದಕ್ಷಿಣವೆಂದು ಎರಡಾದಾಗ ಕುಂದಾಪುರ ತಾಲೂಕು ಮೊದಲು ಉತ್ತರಕ್ಕೆ ಸೇರಿ, 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ದಕ್ಷಿಣದಲ್ಲಿಯೇ ಉಳಿಯಿತು. 1956ರಲ್ಲಿ, ಕನ್ನಡ ಸೀಮೆಗಳೆಲ್ಲ ಒಂದಾದ ದಿನವೇ, ಕಾಸರಗೋಡು ಕೇರಳಕ್ಕೆ ಹೋಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಮುಂದೆ ಬ್ರಹ್ಮಾವರ ಬೇರೆ ತಾಲೂಕಾಗಿ, ಉಡುಪಿ ತಾಲೂಕಿನಲ್ಲಿದ್ದ ಸಾಸ್ತಾನ ಅದರೊಳಗೆ ಬಂದಿತು. ಇವುಗಳಲ್ಲಿ ಕಾಸರಗೋಡಿನ ಅಗಲಿಕೆಯನ್ನು ಮಾತ್ರ ಕನ್ನಡಿಗರು ಇನ್ನೂ ಗಾಯದಂತೆ ಮುಟ್ಟಿ ನೋಡಿಕೊಳ್ಳುತ್ತಾರೆ. ಬೇರೆಯಾಗುವುದೆಲ್ಲ ಒಂದೇ ಬಗೆಯದಲ್ಲ. ಕೇಳಿ ಪಡೆದದ್ದು ಬೇರೆ, ಕೇಳದೆ ಬಂದದ್ದು ಬೇರೆ.

ನಮ್ಮ ಸೀಮೆಯ ವಿಭಾಗಪತ್ರಗಳಲ್ಲಿ ಗದ್ದೆ, ತೋಟ, ಮನೆ, ಬಾವಿಗಳ ಚಕ್ಕುಬಂದಿಯಾದ ಮೇಲೆ ಸಾಮಾನ್ಯವಾಗಿ ಇನ್ನೊಂದು ಮಾತು ಬರುತ್ತದೆ. ಮೂಲಮನೆಯ ದೈವದ ಚಾವಡಿಯೂ ನಾಗಬನವೂ ಪಾಲಿಗೆ ಸೇರುವುದಿಲ್ಲ. ಅವು ಎಲ್ಲರಿಗೂ ಸೇರಿದವು, ಪರ್ವವನ್ನು ಸೇರಿ ನಡೆಸತಕ್ಕದ್ದು. ಕೋರ್ಟಿನಲ್ಲಿ ಎದುರುಬದುರು ನಿಂತವರೂ ನಾಗರಪಂಚಮಿಯ ದಿನ ಅದೇ ಕಲ್ಲಿಗೆ ಹಾಲೆರೆಯುತ್ತಾರೆ. ಪಾರ್ಟಿಷನ್ ಬೇಡವಾಗಿತ್ತೆಂದು ಹಳಹಳಿಸುವವರ ಮಾತಿಗೆ ನಾನು ದನಿಗೂಡಿಸಲಾರೆ. ಅದಿಲ್ಲದೆ ಹೋಗಿದ್ದರೆ ಎಷ್ಟೋ ಹೆಣ್ಣುಮಕ್ಕಳ ಕೈಗೆ ಒಂದು ಮುಡಿ ಅಕ್ಕಿಯ ಆಧಾರವೂ ದಕ್ಕುತ್ತಿರಲಿಲ್ಲ. ಆದರೆ ಹಕ್ಕನ್ನು ಕೊಡುವ ಶಬ್ದ ಹೊರಗಿನಿಂದ ಬಂದಾಗ, ನಂಟನ್ನು ಉಳಿಸುವ ಶಬ್ದವನ್ನು ನಾವೇ ಕಾಪಾಡಿಕೊಳ್ಳಬೇಕು. ಕವಲೊಡೆದ ಮರಕ್ಕೆ ಬೇರು ಒಂದೇ ಎಂಬುದು ಕವರು ಎಂಬ ಶಬ್ದದೊಳಗೇ ಇದೆ.