ಕೊಲ್ಲಿಯ ಸುತ್ತಿನ ಓಟ

ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹ್ಯಾಮಿಲ್ಟನ್ ನಗರ ಅಪರಿಚಿತವೇನಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದು ಒಂಟಾರಿಯೊ ಸರೋವರದ ಪಶ್ಚಿಮ ತುದಿಯಲ್ಲಿರುವ, ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಊರು. ಸರೋವರಕ್ಕೂ ಊರಿನ ಕೊಲ್ಲಿಗೂ ನಡುವೆ ಕಿರಿದಾದ ಮರಳುಪಟ್ಟಿಯೊಂದಿದೆ. 1894ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ಹಬ್ಬದ ದಿನವೇ, ಈ ಕೊಲ್ಲಿಗೆ ಒಂದು ಸುತ್ತು ಬರುವ ಓಟದ ಸ್ಪರ್ಧೆ ಮೊದಲ ಸಲ ನಡೆಯಿತು. ದೂರ 19 ಮೈಲಿ 168 ಗಜ. ಏರ್ಪಡಿಸಿದವರು ‘ಹ್ಯಾಮಿಲ್ಟನ್ ಹೆರಾಲ್ಡ್’ ಪತ್ರಿಕೆಯವರು ಮತ್ತು ಬಿಲ್ಲಿ ಕ್ಯಾರೋಲ್ ಎಂಬ ಚುಟ್ಟದ ಅಂಗಡಿಯ ಮಾಲೀಕ. ಓಟಕ್ಕೂ ಚುಟ್ಟಕ್ಕೂ ಏನು ನಂಟೋ! ಪ್ರಸಿದ್ಧವಾದ ಬಾಸ್ಟನ್ ಮ್ಯಾರಥಾನ್ ಆರಂಭವಾದದ್ದು 1897ರಲ್ಲಿ. ಅದಕ್ಕಿಂತ ಇದು ಹಿರಿದು.

ನಮ್ಮ ಮಾಗಿಯ ಚಳಿ ಕಂಬಳಿ ಹೊದ್ದು ಬಿಸಿಲು ಕಾಯಿಸಿಕೊಂಡರೆ ಕಳೆಯುವಂಥದು. ಅಲ್ಲಿನ ಚಳಿಗೆ ನೀರೇ ಹೆಪ್ಪುಗಟ್ಟುತ್ತದೆ. ಆದರೂ ಓಡುವವನಿಗೆ ಚಳಿ ಶತ್ರುವೇ ಆಗಬೇಕಾಗಿಲ್ಲ. ದುಡಿಯುವ ಸ್ನಾಯುಗಳು ಒಲೆಯಂತೆ ಶಾಖವನ್ನು ಹೊಮ್ಮಿಸುತ್ತವೆ. ತಂಪು ಗಾಳಿ ಅದನ್ನು ಬೇಗ ಕಳೆಯುತ್ತದೆ. ಅಪಾಯವಿರುವುದು ದಣಿದು ವೇಗ ಕುಂದಿದಾಗ. ಒಳಗಿನ ಒಲೆ ಆರತೊಡಗುತ್ತದೆ, ಬೆವರಿನಿಂದ ತೊಯ್ದ ಬಟ್ಟೆ ಮೈಯನ್ನು ಕೊರೆಯುತ್ತದೆ. ತೆರೆದ ಮರಳುಪಟ್ಟಿಯ ಮೇಲೆ ಸರೋವರದ ಗಾಳಿ ಎದುರಾದರಂತೂ ಕೇಳುವುದೇ ಬೇಡ.

ಈ ಊರಿನ ಓಟಗಾರರು ಅಂಥವರು. 1900ರ ಬಾಸ್ಟನ್ ಮ್ಯಾರಥಾನ್‌ನ ಮೊದಲ ಮೂರು ಸ್ಥಾನಗಳನ್ನೂ ಹ್ಯಾಮಿಲ್ಟನ್‌ನವರೇ ಪಡೆದರು. ಎರಡನೆಯವನಾಗಿದ್ದ ಬಿಲ್ಲಿ ಶೆರಿಂಗ್ 1906ರಲ್ಲಿ ಅಥೆನ್ಸಿಗೆ ಹೋಗಿ ಅಲ್ಲಿನ ಮ್ಯಾರಥಾನ್ ಗೆದ್ದ. ಪ್ರಯಾಣಕ್ಕೆ ಸಾಲದ ಹಣವನ್ನು ಕುದುರೆಯ ಜೂಜಿಗೆ ಹೂಡಿ, ಗೆದ್ದು, ಹಡಗು ಹತ್ತಿದನೆಂದು ಹೇಳುತ್ತಾರೆ. (ಮಕ್ಕಳೇ, ಇದನ್ನು ಅನುಕರಿಸಬೇಡಿ.)

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವನು ಟಾಮ್ ಲಾಂಗ್‌ಬೋಟ್. ಆತ ಸಿಕ್ಸ್ ನೇಷನ್ಸ್ ಎಂಬ ಮೂಲನಿವಾಸಿಗಳ ನೆಲೆಯ ಒನೊಂಡಾಗ ಜನಾಂಗದ ಹುಡುಗ. ಮೂಲನಿವಾಸಿ ಮಕ್ಕಳಿಂದ ಅವರ ಭಾಷೆ, ಆಚಾರಗಳನ್ನು ಬಿಡಿಸಲೆಂದೇ ನಡೆಸುತ್ತಿದ್ದ ವಸತಿಶಾಲೆಯೊಂದಕ್ಕೆ ಅವನನ್ನು ಸೇರಿಸಲಾಗಿತ್ತು. ಅಲ್ಲಿಂದ ತಪ್ಪಿಸಿಕೊಂಡು ಓಡಿಹೋದ. ಕೊಲ್ಲಿಯ ಓಟ ಶರತ್ಕಾಲದಲ್ಲಿ ನಡೆಯುತ್ತಿದ್ದ ಕಾಲದಲ್ಲಿ, 1906ರಲ್ಲಿ, ಅದನ್ನು ಗೆದ್ದ. ಮರುವರ್ಷ ಏಪ್ರಿಲ್‌ನಲ್ಲಿ, ಕೊರೆಯುವ ಹವೆಯಲ್ಲಿ, ಬಾಸ್ಟನ್ ಮ್ಯಾರಥಾನ್ ಗೆದ್ದ: 2 ಗಂಟೆ 24 ನಿಮಿಷ 24 ಸೆಕೆಂಡು. ಹಿಂದಿನ ದಾಖಲೆಗಿಂತ ಸುಮಾರು 5 ನಿಮಿಷ ಕಡಿಮೆ. ಅಂದು ಹಾದಿಗೆ ಅಡ್ಡ ಬಂದ ಸರಕು ರೈಲೊಂದು, ಮುಂದೆ ಸಾಗಿದ್ದ ಅವನನ್ನೂ ಹಿಂದಿನವರನ್ನೂ ಬೇರ್ಪಡಿಸಿತು.

ಇಷ್ಟಾದರೂ ಪತ್ರಿಕೆಗಳು ಅವನನ್ನು ‘ಸೋಮಾರಿ’ ಎಂದವು. ಕಾರಣವೇನು ಗೊತ್ತೆ? ದಿನವೂ ಬಿರುಸಾಗಿ ಓಡಬೇಕೆಂಬ ತರಬೇತುದಾರರ ಅಪ್ಪಣೆಯನ್ನು ಆತ ಒಪ್ಪಲಿಲ್ಲ. ಒಂದು ದಿನ ಕಠಿಣವಾಗಿ ಓಡಿದರೆ ಮತ್ತೆ ಕೆಲವು ದಿನ ದೂರದೂರ ನಡೆಯುತ್ತಿದ್ದ, ವಿಶ್ರಮಿಸುತ್ತಿದ್ದ. ಬಿರುಸಿನ ದಿನಗಳ ನಡುವೆ ಹಗುರ ದಿನಗಳಿರಬೇಕೆಂದು ಇಂದಿನ ತರಬೇತುದಾರರೂ ಬೋಧಿಸುತ್ತಾರೆ. ಬಿಳಿಯನೊಬ್ಬ ಹಾಗೆ ಮಾಡಿದ್ದರೆ ಅದನ್ನು ಪದ್ಧತಿ ಎನ್ನುತ್ತಿದ್ದರೇನೋ. ಮೂಲನಿವಾಸಿ ಮಾಡಿದ್ದರಿಂದ ಅದು ಜನಾಂಗದ ದೋಷವಾಯಿತು. ಹಾಜರಿ ಪುಸ್ತಕ ಹಿಡಿದು ಬಾಳು ಸವೆಸಿದ ನಾನು ಬಲ್ಲೆ, ಶಾಲೆಯಲ್ಲಿ ಅತ್ಯಂತ ಅಗ್ಗವಾಗಿ ಸಿಗುವ ಪದ ಇದೇ.

ಮೊದಲ ಮಹಾಯುದ್ಧದಲ್ಲಿ ಲಾಂಗ್‌ಬೋಟ್ ಫ್ರಾನ್ಸಿನಲ್ಲಿ ಸಂದೇಶ ಒಯ್ಯುವ ಸೈನಿಕನಾಗಿದ್ದ. ಸತ್ತನೆಂಬ ತಪ್ಪು ಸುದ್ದಿ ಊರು ಮುಟ್ಟಿ, ಹೆಂಡತಿ ಮರುಮದುವೆಯಾಗಿದ್ದಳು. ಆತನೂ ಮತ್ತೊಮ್ಮೆ ಸಂಸಾರ ಹೂಡಿ, ಟೊರಾಂಟೊ ನಗರಾಡಳಿತದ ಬೀದಿ ಸ್ವಚ್ಛತೆಯ ಕೆಲಸದಲ್ಲಿ ಸುಮಾರು ಎರಡು ದಶಕ ದುಡಿದ. ಇದನ್ನು ಪತನವೆಂದು ಬರೆದವರಿದ್ದಾರೆ. ದುಡಿದು ಮಕ್ಕಳನ್ನು ಸಾಕಿದವನ ಬದುಕಿನಲ್ಲಿ ಪತನವೆಲ್ಲಿಂದ ಬಂತೋ ನನಗೆ ತಿಳಿಯದು.

1949ರ ಜನವರಿ 9ರಂದು ಆತ ತೀರಿಕೊಂಡ. ಎರಡು ವರ್ಷಗಳ ಬಳಿಕ, 1951ರಲ್ಲಿ, ಮೂಲನಿವಾಸಿ ಕ್ರೀಡಾಪಟುಗಳಿಗಾಗಿ ಅವನ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿತವಾಯಿತು. ಕೊಲ್ಲಿಯ ಓಟ ಈಗ 30 ಕಿಲೋಮೀಟರ್; ಚಳಿ ಇನ್ನೂ ಪೂರ್ತಿ ಇಳಿದಿರದ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ.