ಗೆಣ್ಣಿನ ಮೇಲೆ ಉರುಳುವ ರೂಪಾಯಿ: ನಮ್ಮ ಭಾಗದ ಹಾಲಿ ಮತ್ತು ಕಲ್ದಾರ್ ಕಥೆ

ಮುಷ್ಟಿಯನ್ನು ಸಡಿಲ ಹಿಡಿದು, ಅಂಗೈ ನೆಲದ ಕಡೆ ಮಾಡಿ. ಹೆಬ್ಬೆರಳಿನಿಂದ ಒಂದು ನಾಣ್ಯವನ್ನು ತೋರುಬೆರಳಿನ ಬೆನ್ನ ಮೇಲೆ ತಳ್ಳಿ. ನಡುಬೆರಳನ್ನು ಚೂರು ಎತ್ತಿ ನಾಣ್ಯದ ಅಂಚು ಒತ್ತಿದರೆ ಅದು ಎದ್ದು ನಿಂತು ಮಗ್ಗುಲಿಗೆ ಹೊರಳುತ್ತದೆ. ಹೀಗೇ ಉಂಗುರ ಬೆರಳು, ಆಮೇಲೆ ಕಿರುಬೆರಳು. ಅಲ್ಲಿ ಕೆಳಗೆ ಜಾರಿಸಿ, ಹೆಬ್ಬೆರಳ ತುದಿಯಲ್ಲಿ ಹಿಡಿದು, ಮುಷ್ಟಿಯ ಅಡಿಯಿಂದ ಮತ್ತೆ ತೋರುಬೆರಳಿಗೆ ತರಬೇಕು. ಜಾದೂಗಾರರು ಮಾಡುವುದು ಇಷ್ಟೇ, ಆದರೆ ಕಲಿಯಲು ವಾರಗಟ್ಟಲೆ ಬೇಕು. ಹಾಸಿಗೆ ಮೇಲೆ ಕುಳಿತು ಕಲಿಯಿರಿ. ಶಹಾಬಾದ್ ಫರಸಿ ಮೇಲೆ ಬಿದ್ದರೆ ನಾಣ್ಯ ಮಂಚದಡಿಗೇ ಓಡುತ್ತದೆ.

ಈ ಆಟಕ್ಕೆ ಕೈಚಳಕದಷ್ಟೇ ನಾಣ್ಯವೂ ಮುಖ್ಯ. ಅಗಲವಾಗಿರಬೇಕು, ಸಪಾಟಾಗಿರಬೇಕು, ಅಂಚಿನಲ್ಲಿ ಗೀರುಗಳಿದ್ದರೆ ಬೆರಳಿಗೆ ಹಿಡಿತ ಸಿಗುತ್ತದೆ. ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದ ಹಳೇ ಕಾಲದ ರೂಪಾಯಿ ಚಿಕ್ಕದು, ದಪ್ಪ, ಅಂಕುಡೊಂಕು. ಅದು ಗೆಣ್ಣಿನ ಮೇಲೆ ಉರುಳುವುದು ಕಷ್ಟ. ಉರುಳುವ ರೂಪಾಯಿ ಬಂದದ್ದು ಯಂತ್ರದಿಂದ.

ನಮ್ಮ ಹಿರಿಯರು ಬ್ರಿಟಿಷ್ ರೂಪಾಯಿಯನ್ನು 'ಕಲ್ದಾರ್' ಎನ್ನುತ್ತಿದ್ದುದು ಅದಕ್ಕೇ. 'ಕಲ್' ಅಂದರೆ ಯಂತ್ರ. ನಿಜಾಮರ ಸ್ವಂತ ರೂಪಾಯಿಗೆ 'ಹಾಲಿ ಸಿಕ್ಕಾ' ಎಂದು ಹೆಸರು. ನಾವು ಇವತ್ತೂ 'ಹಾಲಿ ಶಾಸಕರು' ಅನ್ನುತ್ತೇವಲ್ಲ, ಅದೇ ಹಾಲಿ. ಅಂದರೆ ಈಗ ಚಾಲ್ತಿಯಲ್ಲಿರುವ ನಾಣ್ಯ. ಹೈದರಾಬಾದಿನ ಟಂಕಸಾಲೆ 1903ರಲ್ಲಿ ಸೈಫಾಬಾದಿಗೆ ಬಂತು. ಅದೇ ಸುಮಾರಿಗೆ ಹಾಲಿ ರೂಪಾಯಿಯೂ ಯಂತ್ರದಲ್ಲಿ ತಯಾರಾಗಿ, ಒಂದು ಮುಖದಲ್ಲಿ ಚಾರ್ಮಿನಾರ್ ಚಿತ್ರ ಹೊತ್ತು ಬಂತು.

ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲವೂ ನಿಜಾಮರ ಸೀಮೆ. ಆದರೆ 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಶಹಾಬಾದ್ ಕಡೆಯಿಂದ ಮುಂಬೈ ರೈಲು ಆಗಲೇ ವಾಡಿಗೆ ಬರುತ್ತಿತ್ತು. ಹೀಗೆ ಒಂದು ಕಡೆಯಿಂದ ಹಾಲಿ, ಇನ್ನೊಂದು ಕಡೆಯಿಂದ ಕಲ್ದಾರ್ ಬಂದು ಕೂಡುವ ಜಾಗ ವಾಡಿ ಆಯಿತು.

ಎರಡನ್ನೂ ಅಂಗೈಯಲ್ಲಿಟ್ಟರೆ ಹೆಚ್ಚು ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಗಲ ಎರಡಕ್ಕೂ ಸುಮಾರು 30 ಮಿಲಿಮೀಟರ್. ಕಲ್ದಾರ್ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಹಾಲಿ ಸುಮಾರು 11.2 ಗ್ರಾಂ. ಆದರೆ ಕಲ್ದಾರಿನಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ, ಹಾಲಿಯಲ್ಲಿ 82 ಪಾಲು. ಲೆಕ್ಕ ಹಾಕಿ ನೋಡಿ: ಏಳು ಹಾಲಿ ರೂಪಾಯಿಯ ಬೆಳ್ಳಿ, ಆರು ಕಲ್ದಾರ್ ರೂಪಾಯಿಯ ಬೆಳ್ಳಿಗೆ ಸಮ. ವಿನಿಮಯದ ದರವೂ ಅದೇ ಆಗಿತ್ತು, ಆರು ಕಲ್ದಾರಿಗೆ ಏಳು ಹಾಲಿ.

ಇದು ಬಡವನ ಹೊಟ್ಟೆಗೆ ತಟ್ಟುವ ಲೆಕ್ಕ. ಚಿತ್ತಾಪುರದಲ್ಲಿ 35 ರೂಪಾಯಿ ಹಾಲಿ ಕೂಡಿಸಿಕೊಂಡು ಸೋಲಾಪುರದ ಸಂತೆಗೆ ಹೋದವನ ಕೈಯಲ್ಲಿ ನ್ಯಾಯವಾಗಿ ಉಳಿಯುವುದು 30. ಸಾಲ ಯಾವ ರೂಪಾಯಿಯಲ್ಲಿ ಕೊಟ್ಟದ್ದು, ಯಾವುದರಲ್ಲಿ ವಾಪಸ್ ಎಂದು ಮೊದಲೇ ಮಾತಾಗದಿದ್ದರೆ ಏಳರಲ್ಲಿ ಒಂದು ಪಾಲು ಹೋದ ಹಾಗೆ. ಓದು ಬಾರದವನಿಗೆ ಗುರುತು ಎರಡೇ: ಚಾರ್ಮಿನಾರ್ ಇದ್ದರೆ ಹಾಲಿ, ರಾಜನ ತಲೆ ಇದ್ದರೆ ಕಲ್ದಾರ್. ಖೋಟಾ ಎಂಬ ಅನುಮಾನ ಬಂದರೆ ಕಲ್ಲಿನ ಮೇಲೆ ಕುಟ್ಟಿ ಕಿವಿಗೊಡಬೇಕು. ಬೆಳ್ಳಿ ಟಣ್ ಎನ್ನುತ್ತದೆ, ಸೀಸ ಬೆರೆತದ್ದು ಮಂಕಾಗಿ ಬೀಳುತ್ತದೆ.

ಆಮೇಲೆ ಹತ್ತೇ ವರ್ಷದಲ್ಲಿ ಎಲ್ಲ ಬದಲಾಯಿತು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1950ರಲ್ಲಿ ಭಾರತದ ರೂಪಾಯಿ ಬಂತು, ಮರುವರ್ಷ ಹಾಲಿ ಹೊರಡಿಸುವುದು ನಿಂತಿತು. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1957ರಲ್ಲಿ ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆ ಆಯಿತು. 1959ರಲ್ಲಿ ಹಾಲಿ ಪೂರ್ತಿ ರದ್ದು. ಹಾಲಿಯ ಒಂದು ರೂಪಾಯಿ ಅಂದರೆ ಹೊಸ ಲೆಕ್ಕದಲ್ಲಿ 86 ಪೈಸೆಗೂ ಚೂರು ಕಡಿಮೆ. ಇಂಥ ಲೆಕ್ಕವನ್ನು ಸಂತೆಯಲ್ಲಿ ನಿಂತು ಬಾಯಲ್ಲೇ ಹಾಕಬೇಕಾಗಿದ್ದ ನಮ್ಮ ಅಜ್ಜಿಯರ ತಲೆಗೆ ಶರಣು ಅನ್ನಬೇಕು. ಚಾರಾಣೆ, ಆಟಾಣೆ ಎಂಬ ಮಾತು ಮಾತ್ರ ಆಣೆ ಹೋದರೂ ಬಾಯಲ್ಲಿ ಉಳಿಯಿತು.

ಹಳೇ ನಾಣ್ಯ ನೋಡಬೇಕೆಂದರೆ ಮನೆಯ ಹಿರಿಯ ಹೆಂಗಸರನ್ನು ಕೇಳಿ. ಚಿಂಚೋಳಿ ತಾಲೂಕಿನ ತಾಂಡಾಗಳಿಗೆ ಹೋದರೆ ಲಂಬಾಣಿ ಅಜ್ಜಿಯರ ಉಡುಗೆ, ಸರಗಳನ್ನು ನೋಡಿ. ನಾಣ್ಯಕ್ಕೆ ಕೊಂಡಿ ಬೆಸೆದು ಹೊಲಿದಿರುತ್ತಾರೆ. ಅದರಲ್ಲಿ ಚಾರ್ಮಿನಾರ್ ಇದೆಯೇ ಎಂದು ಹುಡುಕಿ. ಕೊಂಡಿ ಬೆಸೆದ ನಾಣ್ಯ ಗೆಣ್ಣಿನ ಮೇಲೆ ಉರುಳುವುದಿಲ್ಲ, ಕೇಳಿ ಪಡೆಯುವ ಆಸೆ ಬೇಡ!

ಹಾಗಾದರೆ ಕಲಿಯಲು ಯಾವ ನಾಣ್ಯ? ಈಗ ಬರುವ ಒಂದು ರೂಪಾಯಿ 20 ಮಿಲಿಮೀಟರ್ ಅಗಲ, 3 ಗ್ರಾಂ ತೂಕ. ಬೆರಳ ಸಂದಿಯಲ್ಲೇ ಜಾರಿ ಬೀಳುತ್ತದೆ. ಹಳೇ ರೂಪಾಯಿಗೆ ಹತ್ತಿರ ಬರುವುದು ಹತ್ತು ರೂಪಾಯಿ ನಾಣ್ಯ: 27 ಮಿಲಿಮೀಟರ್, 7.7 ಗ್ರಾಂ. ಅದನ್ನೇ ಎಷ್ಟೋ ಅಂಗಡಿಗಳಲ್ಲಿ 'ನಡೆಯಲ್ಲ' ಎಂದು ವಾಪಸ್ ಕೊಡುತ್ತಾರೆ. ಯಾರೂ ಕಲ್ಲಿಗೆ ಕುಟ್ಟಿ ನೋಡುವುದಿಲ್ಲ, ವಾಟ್ಸಾಪ್‌ನಲ್ಲಿ ಬಂದ ಸುದ್ದಿ ಸಾಕು. ಹತ್ತರ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಹಾಗೆ ವಾಪಸ್ ಬಂದ ಹತ್ತು ರೂಪಾಯಿ ನಿಮ್ಮ ಡಬ್ಬಿಯಲ್ಲಿ ಬಿದ್ದಿದ್ದರೆ ಆಟಕ್ಕೆ ಅದನ್ನೇ ತೆಗೆದುಕೊಳ್ಳಿ. ಕೈ ಕೂತ ಮೇಲೆ ಬ್ಯಾಂಕಿಗೆ ಕೊಡಿ, ಅವರು ತೆಗೆದುಕೊಳ್ಳಲೇಬೇಕು.